ತೋಳಿಗೆ ಹತ್ತು ಜಪ

ಡಾಕ್ಟರು ಹೇಳಿದ್ದು ಒಂದೊಂದು ತೋಳಿನ ಗಾಯದ ಗೆರೆಗೆ ಐದೈದು ನಿಮಿಷ ಮಾಲೀಸು ಎಂದು. ಉಬಾಲ್ದೀನಾಳಿಗೆ ಗಡಿಯಾರದ ಮೇಲೆ ನಂಬಿಕೆಯಿಲ್ಲ. ಅವಳು ತಂಗಿಯ ತೋಳನ್ನು ತನ್ನ ತೊಡೆಯ ಮೇಲಿನ ದಿಂಬಿಗೆ ಒರಗಿಸಿಕೊಂಡು, ಬಲಗೈ ಹೆಬ್ಬೆರಳಿಗೆ ಮುಲಾಮು ಸವರಿಕೊಂಡು, ಎಡಗೈಯಲ್ಲಿ ಜಪಸರ ಹಿಡಿದು ಕೂರುತ್ತಿದ್ದಳು. ಒಂದು ನಮೋ ಮರಿಯ ಪ್ರಾರ್ಥನೆಗೆ ಹೆಬ್ಬೆರಳು ಒಂದು ಕಡೆ ಸುತ್ತಿ ಸುತ್ತಿ ಒತ್ತುವುದು. ಮಣಿ ಜಾರಿದರೆ ಬೆರಳೂ ಒಂದಿಷ್ಟು ಕೆಳಗೆ ಜಾರುವುದು. ಕಂಕುಳಿನಿಂದ ಮೊಣಕೈ ಮುಟ್ಟುವಷ್ಟರಲ್ಲಿ ಸರಿಯಾಗಿ ಹತ್ತು ಜಪ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೈಯ ಆರೈಕೆ ಯಾವುದು, ಪ್ರಾರ್ಥನೆ ಯಾವುದು ಎಂದು ಬಿಡಿಸಿ ಹೇಳುವ ಹಾಗೆಯೇ ಇರಲಿಲ್ಲ.

ತಂಗಿ ಎದಿಲ್ಮಾ ನದಿಯಂಚಿನ ಲಾ ಸೇಬಾ ಊರಿನ ಶಾಲೆಯಲ್ಲಿ ಸಂಗೀತದ ಟೀಚರು, ಇಗರ್ಜಿಯ ಹಾಡಿನ ತಂಡವನ್ನು ನಡೆಸುವವಳೂ ಅವಳೇ. ವಯಸ್ಸು ಐವತ್ತೊಂದು. ಸಕ್ಕರೆ ಕಾಯಿಲೆ ಹೆದರಿಸಿದ ಮೇಲೆ ಎರಡು ವರ್ಷ ಬಾಯಿ ಕಟ್ಟಿ ಮೂವತ್ತೆಂಟು ಕೆ.ಜಿ. ಇಳಿಸಿದ್ದಳು. ಮೈ ಕರಗಿತು, ಚರ್ಮ ಉಳಿಯಿತು. ತಾಳ ಹಾಕಲು ಕೈಯೆತ್ತಿದರೆ ತೋಳಿನಡಿಯಲ್ಲಿ ಅದು ಹಗ್ಗದ ಮೇಲಿನ ಒದ್ದೆ ಬಟ್ಟೆಯಂತೆ ಜೋಲಾಡುತ್ತಿತ್ತು. ಮಕ್ಕಳು ಪುಸ್ತಕದ ಮರೆಯಲ್ಲಿ ಕಿಸಕ್ಕೆನ್ನುತ್ತಿದ್ದರು. ದೋಣಿಗಟ್ಟೆಯಲ್ಲಿ ಮೀನು ಕರಿದು ಮಾರುವ ಎವೆರ್ಲೀದೆಸ್, ತಂಡದಲ್ಲೆಲ್ಲ ದೊಡ್ಡ ಗಂಟಲಿನವಳು, ಒಂದು ದಿನ ಎಲ್ಲರೆದುರೇ ಹೇಳಿಬಿಟ್ಟಿದ್ದಳು: "ಮೆಲ್ಲಗೆ ಕಣೇ ಎದಿಲ್ಮಾ, ಹೆಜ್ಜಾರ್ಲೆ ಹಕ್ಕಿ ಹಂಗೆ ಹಾರಿ ನದಿ ದಾಟಿಬಿಟ್ಟೀಯ!"

ಎದಿಲ್ಮಾ ಎಲ್ಲರ ಜೊತೆ ತಾನೂ ನಕ್ಕಳು. ಮನೆಗೆ ಬಂದು ಅತ್ತಳು.

ಜೂನ್ ಮೊದಲ ವಾರ ಬಾರಂಕೀಯ ನಗರದಲ್ಲಿ, ತೋಳಿನ ಜೋಲು ಚರ್ಮ ತೆಗೆಯುವ ಆಪರೇಷನ್ ಆಯಿತು. ಊರಿನವರಿಗೆ ಇದೇನೂ ಹೊಸತಲ್ಲ. ಮೂಗನ್ನೋ ಹೊಟ್ಟೆಯನ್ನೋ ತಿದ್ದಿಸಿಕೊಳ್ಳದ ಮನೆ ಹುಡುಕಬೇಕು. ನೋಡಲು ಬಂದವರು ಕೋಳಿ ಸಾರು ತಂದು, ಹಂದಿಮಾಂಸ ಮುಟ್ಟಬೇಡ, ಮೊಟ್ಟೆ ಮುಟ್ಟಬೇಡ ಎಂದು ಹೇಳಿ ಹೋದರು. ಡಾಕ್ಟರ್ ಸಾಮೂದಿಯೊ ಹೇಳಿದ್ದು ಬೇರೆ. ಗಾಯದ ಮೇಲೆ ಹಗಲಿರುಳೂ ಸಿಲಿಕೋನ್ ಪಟ್ಟಿ, ಅದರ ಮೇಲೆ ಬಿಗಿಯಾದ ತೋಳುಚೀಲ. ಒಂದು ವರ್ಷ ಗಾಯಕ್ಕೆ ಬಿಸಿಲು ತಾಗಬಾರದು. ಎಂಟು ವಾರ ಮೊಣಕೈ ಹೆಗಲಿಗಿಂತ ಮೇಲೆ ಹೋಗಬಾರದು. "ಎಳೆ ಗಾಯ ಅಮ್ಮಾ, ಜಗ್ಗಿದಷ್ಟೂ ಅಗಲ ಆಗುತ್ತೆ," ಎಂದಿದ್ದರು.

ಆಪರೇಷನ್ನಿಗೆ ಮೊದಲು ಅವರು ಇನ್ನೊಂದು ಮಾತು ಕೇಳಿದ್ದರು. "ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಗಾಯ ಮಾಗಿದ ಮೇಲೆ ಉಬ್ಬಿ ಗಂಟು ಕಟ್ಟೋದು ಇದೆಯಾ?"

"ಇಲ್ಲ," ಎಂದಿದ್ದಳು ಎದಿಲ್ಮಾ.

ಇತ್ತು. ಅವಳ ಅಮ್ಮ ನಲವತ್ತನೆಯ ವಯಸ್ಸಿನಲ್ಲಿ ಆಸೆಪಟ್ಟು ಕಿವಿಗೆ ಇನ್ನೊಂದು ತೂತು ಚುಚ್ಚಿಸಿಕೊಂಡಿದ್ದಳು. ಅಲ್ಲಿ ಮೊದಲು ಹುಣಿಸೆ ಬೀಜದಷ್ಟು ಗಂಟು ಬಂತು. ಕೊಯ್ಯಿಸಿದರೆ ಗೋಲಿಯಷ್ಟು ದಪ್ಪವಾಗಿ ಮರಳಿ ಬಂತು. ಆಮೇಲೆ ಅಮ್ಮ ಸಾಯುವ ತನಕ ತಲೆಗೆ ಬಟ್ಟೆ ಸುತ್ತದೆ ಇಗರ್ಜಿಯ ಮೆಟ್ಟಿಲು ಹತ್ತಲಿಲ್ಲ. ನಿಜ ಹೇಳಿದರೆ ಡಾಕ್ಟರು ಆಗುವುದಿಲ್ಲ ಎಂದುಬಿಟ್ಟಾರು ಎಂಬ ಭಯಕ್ಕೆ ಎದಿಲ್ಮಾಳ ನಾಲಗೆ ತಾನಾಗಿ ತಿರುಗಿತ್ತು. ಆ ಒಂದು ಮಾತು ಈಗ ಅವಳ ಮೈಯಲ್ಲೇ ಎಲ್ಲೋ ಕೂತು ಕಾಯುತ್ತಿತ್ತು.

ಐದನೆಯ ವಾರ ಎಡತೋಳಿನಲ್ಲಿ ತುರಿಕೆ ಶುರುವಾಯಿತು. ಮರುದಿನ ಬೆಳಿಗ್ಗೆ ಉಬಾಲ್ದೀನಾಳ ಹೆಬ್ಬೆರಳು ನಡುವೆಯೇ ನಿಂತಿತು.

"ಇಲ್ಲೇನೋ ಗಟ್ಟಿ ಇದೆಯಲ್ಲೇ."

"ಎಲ್ಲಿ?"

"ಮೂರನೇ ನಮೋ ಮರಿಯದ ಹತ್ರ."

"ನಿನ್ನ ಬೆರಳೇ ಗಟ್ಟಿ ಅಕ್ಕ. ಜಪ ಮಾಡು."

ಅಕ್ಕ ಜಪ ಮುಂದುವರಿಸಿದಳು. ಆದರೆ ಅಂದಿನಿಂದ ಎದಿಲ್ಮಾಳಿಗೆ ಮೊದಲ ಎರಡು ಪ್ರಾರ್ಥನೆಗಳು ಕಿವಿಗೇ ಬೀಳುತ್ತಿರಲಿಲ್ಲ. ಮೂರನೆಯ ಮಣಿ ಬರುತ್ತಿದ್ದಂತೆ ಉಸಿರು ಹಿಡಿಯುತ್ತಿದ್ದಳು. ಬೆರಳಡಿಯಲ್ಲಿ ಬೇಯದ ಬೇಳೆಯಂಥದ್ದೊಂದು ನಿನ್ನೆಗಿಂತ ದೊಡ್ಡದಾಗಿದೆಯೋ, ಅಷ್ಟೇ ಇದೆಯೋ? ಕನ್ನಡಿಯ ಮುಂದೆ ತೋಳು ತಿರುಗಿಸಿ ನೋಡಿದರೆ, ಉಳಿದೆಡೆ ತಿಳಿಗುಲಾಬಿಯಾಗಿದ್ದ ಗೆರೆ ಅಲ್ಲಿ ಮಾತ್ರ ಕೆಂಪಾಗಿ, ನುಣುಪಾಗಿ, ಮೆಲ್ಲಗೆ ತಲೆಯೆತ್ತಿತ್ತು. ಆ ವಾರ ಡಾಕ್ಟರ ಬಳಿ ಹೋಗಬೇಕಿತ್ತು. ಹಬ್ಬಕ್ಕೆ ಹಾಡು ಕಲಿಸಬೇಕು ಎಂದು ನೆಪ ಹೇಳಿ ತಪ್ಪಿಸಿಕೊಂಡಳು. ಹೋದರೆ ಅವರು ಇದನ್ನು ಮುಟ್ಟುತ್ತಾರೆ. ಮುಟ್ಟಿದರೆ ಅದೇ ಪ್ರಶ್ನೆ ಕೇಳುತ್ತಾರೆ.

"ಹೋಗಿ ಹೇಳಬಾರದಾ?" ಎಂದಳು ಉಬಾಲ್ದೀನಾ.

"ಏನಂತ? ಸುಳ್ಳು ಹೇಳಿದ್ದೆ ಅಂತಲಾ?"

"ಪಾದ್ರಿಗಳ ಹತ್ರ ವಾರವಾರ ಹೇಳ್ಕೋತೀಯಲ್ಲ. ಡಾಕ್ಟರೇನು ಅವರಿಗಿಂತ ದೊಡ್ಡೋರಾ?"

"ಪಾದ್ರಿಗಳು ತೋಳು ತೋರ್ಸು ಅನ್ನಲ್ಲ ಅಕ್ಕ."

ಹಾಡು ಕಲಿಸುವುದು ನೆಪವೇನೋ ಹೌದು, ಆದರೆ ಸುಳ್ಳಲ್ಲ. ಜುಲೈ ಹದಿನಾರು ಕಾರ್ಮೆಲ್ ಮಾತೆಯ ಹಬ್ಬ, ಲಾರಿ ಬಸ್ಸು ಓಡಿಸುವವರೆಲ್ಲರ ತಾಯಿಯ ದಿನ. ಎಂಟು ಮಂದಿ ಚಾಲಕರು ಮಾತೆಯ ಮಂಟಪವನ್ನು ಹೆಗಲ ಮೇಲೆ ಹೊತ್ತು ಇಗರ್ಜಿಯ ಹನ್ನೊಂದು ಮೆಟ್ಟಿಲು ಇಳಿಯುತ್ತಾರೆ. ಇಳಿಯುವುದು ಹಾಡಿನ ತಾಳಕ್ಕೆ. ತಾಳ ತಪ್ಪಿದರೆ ಒಬ್ಬನ ಕಾಲು ಮುಂದೆ, ಒಬ್ಬನದು ಹಿಂದೆ, ಮಂಟಪ ವಾಲುತ್ತದೆ. ಅದಕ್ಕೇ ತಂಡ ಬಾಗಿಲ ಪಕ್ಕದಲ್ಲೇ ನಿಂತು ಹಾಡಬೇಕು.

ಕೈಯೆತ್ತದೆ ತಾಳ ಹಾಕುವುದು ಹೇಗೆ? ಎದಿಲ್ಮಾ ಗದ್ದದಿಂದ ತಾಳ ಹಾಕಿದಳು. ಹುಬ್ಬೆತ್ತಿದರೆ ಹೆಂಗಸರ ಸರದಿ, ಕಣ್ಣು ಕಿರಿದು ಮಾಡಿದರೆ ಮೆಲ್ಲಗೆ, ತುಟಿ ಮುಂದೆ ಚಾಚಿದರೆ ಮಕ್ಕಳು.

"ಏನೇ ಟೀಚರಮ್ಮ, ಯಾರಿಗೆ ಮುತ್ತು ಕೊಡ್ತಿದ್ದೀಯ?" ಎಂದಳು ಎವೆರ್ಲೀದೆಸ್. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿನಗಲ್ಲ, ಮೀನಿನ ವಾಸನೆ ಬರುತ್ತೆ."

"ಆಹಾ! ಈ ಮೀನು ತಿಂದೇ ಊರು ಹಾಡ್ತಿರೋದು. ಇರಲಿ, ಆ ಗಾಯಕ್ಕೆ ಮುತ್ತಿನ ಚಿಪ್ಪನ್ನ ನಿಂಬೆ ರಸದಲ್ಲಿ ನೆನೆಸಿ ಹಚ್ಚು ಮಾರಾಯ್ತಿ. ಎಂಟು ದಿನಕ್ಕೆ ಬೆಳ್ಳಗಾಗುತ್ತೆ."

"ಹಚ್ಚಿ ಬಿಸಿಲಿಗೆ ಹೋದ್ರೆ ನಿನ್ನ ಬಾಣಲೆಯಲ್ಲಿ ಬಿದ್ದಂಗೆ ಆಗ್ತಾಳೆ," ಎಂದು ಬೆಂಚಿನ ಮೇಲಿನಿಂದ ಉಬಾಲ್ದೀನಾ ಗದರಿದಳು. "ಬಾಯಿ ಮುಚ್ಕೊಂಡು ಹಾಡು."

ಹಾಡುತ್ತ ಹಾಡುತ್ತ ಒಂದು ವಿಚಿತ್ರ ನಡೆಯಿತು. ಹಿಂದೆ ಪುಸ್ತಕ ನೋಡುತ್ತಲೋ ಕಿಟಕಿ ನೋಡುತ್ತಲೋ ಹಾಡುತ್ತಿದ್ದವರು ಈಗ ಅವಳ ಮುಖದಿಂದ ಕಣ್ಣು ಕೀಳುವಂತಿರಲಿಲ್ಲ. ಹಾಡು ಒಗ್ಗೂಡಿತು. ಪಾದ್ರಿ ಅರ್ನುಲ್ಫೊ ಒಳಗಿನಿಂದ ಬಂದು, ಯಾವ ಊರಿನ ತಂಡ ಇದು ಎಂದು ಕೇಳಿದರು. ಎದಿಲ್ಮಾಳಿಗೆ ಮಾತ್ರ ಸಂತೋಷಪಡಲು ಪುರುಸೊತ್ತಿರಲಿಲ್ಲ. ತೋಳುಚೀಲದೊಳಗೆ ತುರಿಕೆ ಇರುವೆ ಸಾಲಿನಂತೆ ಹರಿಯುತ್ತಿತ್ತು.

ಹಬ್ಬ ಮಂಗಳವಾರ ಬಂತು. ಪೂಜೆ ಮುಗಿಯುವ ಹೊತ್ತಿಗೆ ಇಗರ್ಜಿಯ ಸುತ್ತ ಲಾರಿ, ಬಸ್ಸು, ಮೋಟಾರ್ ಸೈಕಲ್ಲುಗಳು ಬಾಳೆಲೆ, ಬಣ್ಣದ ಬಲೂನು ಕಟ್ಟಿಕೊಂಡು ಸಾಲುಗಟ್ಟಿದ್ದವು. ಮಾತೆ ಕೊನೆಯ ಮೆಟ್ಟಿಲು ಇಳಿದ ಮೇಲೆಯೇ ಹಾರನ್ನು ಹೊಡೆಯಬೇಕೆಂಬುದು ರೂಢಿ. ಮಂಟಪ ಬಾಗಿಲಿಗೆ ಬಂತು. ಕೆಳಗಿನ ಮೆಟ್ಟಿಲ ಬದಿಯಲ್ಲಿ ತಂಡಕ್ಕೆ ಮುಖಮಾಡಿ ನಿಂತಿದ್ದ ಎದಿಲ್ಮಾ ಗದ್ದವೆತ್ತಿದಳು. ಹಾಡು ಎದ್ದಿತು. ಮೊದಲ ಮೆಟ್ಟಿಲು, ಎರಡನೆಯದು, ಮೂರನೆಯದು.

ಯಾರೋ ಆತುರಗಾರ ಒಂದು ಹಾರನ್ನು ಒತ್ತಿದ. ಮಾತೆ ಇಳಿದಳೆಂದೇ ತಿಳಿದು ಉಳಿದವರೆಲ್ಲ ಒತ್ತಿದರು.

ಅದು ಸದ್ದಲ್ಲ, ಗೋಡೆ. ಎವೆರ್ಲೀದೆಸಳಿಗೆ ತನ್ನ ದನಿಯೇ ಕೇಳದೆ ಅವಳು ಒಂದು ಸಾಲು ಮುಂದೆ ಓಡಿದಳು, ಅರ್ಧ ತಂಡ ಅವಳ ಹಿಂದೆ ಓಡಿತು, ಮಕ್ಕಳು ಕಂಗಾಲಾಗಿ ಬಾಯಿ ಮುಚ್ಚಿ ಬೀದಿಯತ್ತ ತಿರುಗಿದರು. ಈಗ ಹುಬ್ಬನ್ನು ನೋಡುವವರು ಯಾರು? ಮಂಟಪ ಹೊತ್ತವರಲ್ಲಿ ಮುಂದಿನವನೊಬ್ಬ ಕಾಲು ಚಾಚಿದ, ಹಿಂದಿನವನು ಚಾಚಲಿಲ್ಲ. ಮಾತೆಯ ಕಂದು ನಿಲುವಂಗಿ ಒಮ್ಮೆ ಎಡಕ್ಕೆ ತೂಗಿತು. ಹೆಂಗಸೊಬ್ಬಳು ಕಿರುಚಿದ್ದು ಬಾಯಿಯ ಆಕಾರದಿಂದಷ್ಟೇ ತಿಳಿಯಿತು.

ಎದಿಲ್ಮಾ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದಳು.

ಎಡಗಂಕುಳಿನಲ್ಲಿ ಹೊಲಿಗೆ ಕಿತ್ತಂತೆ ಏನೋ ಚುರುಕ್ಕೆಂದಿತು. ಅವಳು ಇಳಿಸಲಿಲ್ಲ. ಹೊತ್ತವರಿಗೂ ಹಾಡುವವರಿಗೂ ಒಟ್ಟಿಗೆ ಕಾಣುವಂತೆ, ಹಿಂದೆಂದೂ ಹಾಕದಷ್ಟು ದೊಡ್ಡದಾಗಿ ತಾಳ ಹಾಕಿದಳು. ಒಂದು, ಎರಡು. ಒಂದು, ಎರಡು. ಎಂಟು ಜೊತೆ ಕಾಲುಗಳು ಅವಳ ಕೈಯನ್ನು ಹಿಡಿದುಕೊಂಡು ಇಳಿದವು. ಎಂಟು, ಒಂಬತ್ತು, ಹತ್ತು, ಹನ್ನೊಂದು. ಮಾತೆ ನೆಲ ಮುಟ್ಟಿದಳು. ಎದಿಲ್ಮಾಳ ಕಣ್ಣಲ್ಲಿ ನೀರು. ನೋಡಿದವರು ಭಕ್ತಿ ಎಂದುಕೊಂಡರು. ಅದೂ ಸ್ವಲ್ಪ ಇತ್ತೇನೋ.

ಇಗರ್ಜಿಯ ಹಿಂದಿನ ಕೋಣೆಯಲ್ಲಿ ಉಬಾಲ್ದೀನಾ ತೋಳುಚೀಲ ಇಳಿಸಿದಳು. ಪಟ್ಟಿಯ ಮೇಲೆ ನಾಣ್ಯದಷ್ಟು ಕೆಂಪು.

"ಎಲ್ಲಕ್ಕ?"

"ಎರಡನೇ ನಮೋ ಮರಿಯದ ಹತ್ರ ಬಾಯಿ ಬಿಟ್ಟಿದೆ. ಸಣ್ಣದು." ಅಕ್ಕ ಪಟ್ಟಿಯನ್ನು ಮಡಚಿಟ್ಟಳು. "ಇನ್ನು ನೀನು ಹೋಗದೆ ಇರೋ ಹಂಗಿಲ್ಲ ಮಗಾ."

ಬುಧವಾರ ನಸುಕಿನ ದೋಣಿ ಹಿಡಿದು, ಆಮೇಲೆ ಬಸ್ಸು ಹಿಡಿದು ಇಬ್ಬರೂ ಬಾರಂಕೀಯ ಸೇರಿದರು. ಡಾಕ್ಟರ್ ಸಾಮೂದಿಯೊ ಬಾಯಿ ಬಿಟ್ಟ ಗಾಯವನ್ನು ತೊಳೆದು ಪಟ್ಟಿ ಹಾಕಿದರು. ಅವರ ಬೆರಳು ಕೆಳಗೆ ಜಾರಿ ಆ ಗಟ್ಟಿ ಜಾಗದ ಮೇಲೆ ನಿಂತಿತು. ಅವರು ಬಾಯಿ ತೆರೆಯುವ ಮೊದಲೇ ಎದಿಲ್ಮಾ ಹೇಳಿಬಿಟ್ಟಳು.

"ನಮ್ಮಮ್ಮನ ಕಿವಿಗೆ ಆಗಿತ್ತು ಡಾಕ್ಟ್ರೇ. ಗೋಲಿಯಷ್ಟು. ನೀವು ಕೇಳಿದಾಗ ಇಲ್ಲ ಅಂದೆ."

ಅವರು ಕನ್ನಡಕ ತೆಗೆದರು. "ಯಾಕೆ?"

"ಹೇಳಿದ್ರೆ ನೀವು ಮಾಡ್ತಿರಲಿಲ್ಲ."

"ಇರಬಹುದು. ಮಾಡಿದ್ರೂ ಮೊದಲನೇ ತಿಂಗಳಿಂದ್ಲೇ ಕಣ್ಣಿಟ್ಟಿರ್ತಿದ್ದೆ. ನೀವು ನನ್ನ ಕಣ್ಣು ಕಟ್ಟಿದ್ರಿ ಅಮ್ಮಾ." ದನಿಯಲ್ಲಿ ಸಿಟ್ಟಿತ್ತು, ಬೆರಳು ಮಾತ್ರ ಮೆತ್ತಗೇ ಇತ್ತು. "ಇದು ಅಮ್ಮನ ಕಿವಿಯಂಥದ್ದೇ ಅಂತ ಇವತ್ತು ಹೇಳಕ್ಕಾಗಲ್ಲ, ಅಲ್ಲ ಅಂತಲೂ ಹೇಳಕ್ಕಾಗಲ್ಲ. ಗೆರೆಯೊಳಗೇ ನಿಂತ್ರೆ ಇಳಿಯುತ್ತೆ. ಗೆರೆ ದಾಟಿ ಹೊರಗೆ ಬೆಳೆದ್ರೆ ಕಷ್ಟ. ಇವತ್ತು ಈ ಗಟ್ಟಿಗೆ ಸೂಜಿಮದ್ದು ಹಾಕ್ತೀನಿ. ತಿಂಗಳಿಗೊಮ್ಮೆ ಬರಬೇಕು. ಹಾಡು ಗೀಡು ಅನ್ನಬಾರದು."

"ಗಾಯ ಪೂರ್ತಿ ಮಾಸುತ್ತಾ?"

"ಮಂಕಾಗುತ್ತೆ. ಅಳಿಸಿ ಹೋಗಲ್ಲ. ಬಾಯಿ ಬಿಟ್ಟ ಕಡೆ ಬೆರಳಗಲ ಉಳಿಯುತ್ತೆ."

ಸೂಜಿ ಬೆಂಕಿಯಂತೆ ಉರಿಯಿತು. ಆದರೆ ವಾಪಸು ಬರುವಾಗ ದೋಣಿಯಲ್ಲಿ, ತುಂಬಿದ ಕೆಂಪು ನೀರನ್ನು ನೋಡುತ್ತ ಕೂತವಳಿಗೆ, ಹೆದರಿಕೆ ಇದ್ದಲ್ಲೇ ಇದ್ದರೂ ಅದರ ಜೊತೆ ಕೂತಿದ್ದ ಇನ್ನೊಂದು ಎದ್ದು ಹೋದ ಹಾಗೆ ಅನಿಸಿತು. ಊರಿನ ದೋಣಿಗಟ್ಟೆಯಲ್ಲಿ ಎವೆರ್ಲೀದೆಸ್ ಬಾಳೆಲೆಯಲ್ಲಿ ಸುತ್ತಿದ ಕರಿದ ಮೀನು, ಬೇಯಿಸಿದ ಮರಗೆಣಸು ಹಿಡಿದು ನಿಂತಿದ್ದಳು.

"ಏನಂದ್ರು?"

"ಕಾಯಬೇಕಂತೆ."

"ಹೂಂ. ನಾನು ಓಡಿದ್ದು ತಪ್ಪಾಯ್ತು ಕಣೇ." ಪೊಟ್ಟಣವನ್ನು ಉಬಾಲ್ದೀನಾಳ ಕೈಗೆ ತುರುಕಿದಳು. "ಮೊಟ್ಟೆಯಲ್ಲ, ಹಂದಿಯಲ್ಲ. ತಿನ್ನಬಹುದು. ಮತ್ತೆ, ನಿನ್ನೆ ಒಂಚೂರೂ ಜೋಲಾಡಲಿಲ್ಲ, ನಾನು ನೋಡಿದೆ."

ಸಂಜೆ ದೀಪ ಹಚ್ಚುವ ಹೊತ್ತಿಗೆ ಉಬಾಲ್ದೀನಾ ದಿಂಬಿಟ್ಟುಕೊಂಡು ಕೂತಳು. ಮುಲಾಮು, ಜಪಸರ, ತೋಳು. ಎರಡನೆಯ, ಮೂರನೆಯ ಜಾಗವನ್ನು ಕೆಲವು ದಿನ ಮುಟ್ಟಬೇಡಿ ಎಂದಿದ್ದರು ಡಾಕ್ಟರು.

"ಹಾಗಾದ್ರೆ ಎಂಟೇ ಜಪ ಸಾಕಲ್ಲ ಅಕ್ಕ."

"ಹತ್ತು ಅಂದ್ರೆ ಹತ್ತು," ಎಂದಳು ಅಕ್ಕ.

ಮೊದಲನೆಯದಕ್ಕೆ ಬೆರಳು ಕಂಕುಳಿನ ಬಳಿ ಸುತ್ತಿತು. ಎರಡನೆಯ ಮಣಿ ಬಂದಾಗ ಅವಳು ಹೆಬ್ಬೆರಳನ್ನು ಎತ್ತಿ, ಗಾಯದಿಂದ ಅಕ್ಕಿಕಾಳಿನಷ್ಟು ಮೇಲೆ, ಗಾಳಿಯಲ್ಲೇ ಹಿಡಿದು ಪ್ರಾರ್ಥನೆಯನ್ನು ಪೂರ್ತಿ ಹೇಳಿದಳು. ಮೂರನೆಯದಕ್ಕೂ ಹಾಗೆಯೇ. ಎದಿಲ್ಮಾ ಎಂದಿನಂತೆ ಉಸಿರು ಹಿಡಿದಿದ್ದಳು. ಆ ಮೇಲೆತ್ತಿದ ಬೆರಳನ್ನು ನೋಡುತ್ತ, ತನ್ನ ಸರದಿಗೆ ಕಾಯುವ ಹಾಡುಗಾರ್ತಿಯ ಹಾಗೆ, ಅವಳ ತುಟಿ ತಾನಾಗಿ ಅಲುಗಿ ಅಕ್ಕನ ಜಪಕ್ಕೆ ದನಿಗೂಡಿಸಿತು. ಉಸಿರು ಬಿಡದೆ ಹಾಡಲಾಗುವುದಿಲ್ಲವಲ್ಲ. ಬಿಟ್ಟಳು.

ನಾಲ್ಕನೆಯ ಮಣಿಗೆ ಬೆರಳು ಮರಳಿ ತೋಳಿಗೆ ಇಳಿಯಿತು.