ಫ್ರೆಂಚ್ ಸೈಕಲ್ಲಿನ ಕೊನೆಯ ಅಂಕಿ

ಟಿಂಗ್ ಎಂದಿತು, ಉಗುರಿನಿಂದ ಒಮ್ಮೆ ತಟ್ಟಿದ್ದಷ್ಟೇ, ಸೈಕಲ್ ಉಸ್ತಾದನಿಗೆ ಇನ್ನೇನು ಬೇಕು, ಈ ಚೌಕಟ್ಟನ್ನು ಬೆಸೆದ ಫ್ರೆಂಚ್ ಕೆಲಸಗಾರನಿಗೆ ಆವತ್ತು ನೆಗಡಿಯಾಗಿತ್ತು, ಎಡಮೂಗು ಕಟ್ಟಿತ್ತು, ಬೆಳಿಗ್ಗೆ ಹೆಂಡತಿಯೊಡನೆ ಜಗಳವೂ ಆಗಿತ್ತು — ಎಪ್ಪತ್ತು ವರ್ಷ ಹಳೆಯ ನೆಗಡಿ, ಒಂದೇ ಸದ್ದಿನಲ್ಲಿ ಹಿಡಿದುಬಿಟ್ಟ, ಹಲ್ಲಿನ ಡಾಕ್ಟರಮ್ಮ ಮಾತ್ರ ಎದುರಿನ ಸ್ಟೂಲಿನ ಮೇಲೆ ಹುಬ್ಬೇರಿಸಿ ಕೂತಿದ್ದಾಳೆ, ಎಡಮೂಗೇ ಅಂತ ಹೇಗ್ರೀ ಗೊತ್ತಾಗುತ್ತೆ, ಅದಕ್ಕೆ ಕೇಳೋ ಕಿವಿ ಬೇಕಮ್ಮ, ಅಂದ ಉಸ್ತಾದ, ಮನೆಯಲ್ಲಾಗಿದ್ದರೆ ಹೆಂಡತಿ ಸುಮ್ಮನಿರುತ್ತಿದ್ದಳೇ, ರೀ, ಸೈಕಲ್ಲಿಗೆ ಎರಡೆರಡು ಬ್ರೇಕ್ ಹಾಕ್ತೀರಲ್ಲ, ಬಾಯಿಗೂ ಒಂದು ಹಾಕ್ಕೊಳ್ಳಿ, ಅನ್ನುತ್ತಿದ್ದಳು — ಇರಲಿ, ಚೌಕಟ್ಟನ್ನು ಎರಡೇ ಬೆರಳಲ್ಲಿ ಎತ್ತಿದ, ಗಾಳಿಯನ್ನೇ ಎತ್ತಿದಂತೆ, ಕಿಟಕಿ ತೆರೆದಿದ್ದರೆ ಹಾರಿಹೋಗುತ್ತಿತ್ತು, ಕೊಳವೆಗಳು ತುದಿಯಲ್ಲಿ ದಪ್ಪ, ನಡುವೆ ಮೊಟ್ಟೆಯ ಸಿಪ್ಪೆಯಷ್ಟು ತೆಳು, ಕೀಲಿನ ಅಂಚುಗಳನ್ನು ಅರ ಹಿಡಿದು ಗಂಟೆಗಟ್ಟಲೆ ಸವೆಸಿದ್ದಾರೆ, ಪೆಡಲಿನ ಅಚ್ಚು ತೂರುವ ಕೊಳವೆಯ ಎರಡು ಬಟ್ಟಲುಗಳೂ ಒಂದೇ ದಿಕ್ಕಿಗೆ ತಿರುಗಿ ಬಿಚ್ಚಿಕೊಂಡವು, ಹಳೆಯ ಫ್ರೆಂಚರ ತಿರುಪಿನ ಸುತ್ತು ಅದು, ಬೇರೆಯವರದಾದರೆ ಬಲಗಡೆಯದು ಉಲ್ಟಾ ತಿರುಗಬೇಕು, ಹಾಗಾದ್ರೆ ಅಪ್ಪಂದೇನಾ, ಕೇಳಿದಳು ಡಾಕ್ಟರಮ್ಮ, ತಡಿಯಮ್ಮ, ಫ್ರೆಂಚರದು ಅಂತಷ್ಟೇ ಆಯ್ತು, ನಿಮ್ಮಪ್ಪಂದು ಅಂತ ಆಗೋಕೆ ನಂಬರು ಬೇಕು.

ಅವಳಪ್ಪ ಒಂದು ಕಾಲದಲ್ಲಿ ರೇಸಿನವನು, ಕಷ್ಟಕ್ಕೆ ಸಿಕ್ಕಿ ಸೈಕಲ್ ಮಾರಿದವನು, ಈಗ ಎಂಬತ್ತೆಂಟು, ಎರಡೂ ಕಣ್ಣು ಹೋಗಿವೆ, ಮಗಳು ಹನ್ನೆರಡು ವರ್ಷ ಹುಡುಕಿ ಇದನ್ನು ಹಿಡಿದು ತಂದಿದ್ದಾಳೆ, ಅಪ್ಪ ಒಂದೇ ಮಾತು ಹೇಳಿದ್ದಾರೆ ಉಸ್ತಾದ್ರೆ, ತಂದ್ರೆ ನಂದೇ ತಾ, ಯಾರದೋ ಸೈಕಲ್ ಮೇಲೆ ನನ್ನ ಕೈ ಇಡಿಸ್ಬೇಡ, ಅಂತ — ಉಸ್ತಾದ ನಂಬರಿರುವ ಜಾಗಕ್ಕೆ ಬಣ್ಣ ಕರಗಿಸುವ ದ್ರಾವಣ ಬಳಿದು, ಬಟ್ಟೆಯಿಂದ ಮೆಲ್ಲಗೆ ಒರೆಸಿದ, ಹಸಿರಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ಬೂದು, ಆಮೇಲೆ ಬರಿ ಉಕ್ಕು, ಅದರಲ್ಲಿ ನಾಲ್ಕು ಅಂಕಿ, ಅಪ್ಪನ ಹಳೆಯ ರೇಸಿನ ಚೀಟಿಯಲ್ಲಿದ್ದ ಅದೇ ನಾಲ್ಕು ಅಂಕಿ, ಡಾಕ್ಟರಮ್ಮ ಸ್ಟೂಲಿನಿಂದ ಎದ್ದೇಬಿಟ್ಟಳು, ಆದರೆ ಕೊನೆಯ ಏಳು, ಅದೇನದು, ತಲೆಯಿದೆ, ಕಾಲು ಇಳಿದಿದೆ, ಪಾದವೇ ಇಲ್ಲ, ಎಲ್ಲೋ ನೋಡಿದ್ದೇನಲ್ಲ ಇದನ್ನು, ಎಲ್ಲಿ, ಉಸ್ತಾದನಿಗೆ ಮೈಯೆಲ್ಲ ಕುತೂಹಲ, ಫ್ರಾನ್ಸಿನಲ್ಲಿ ಆ ವಾರ ಏಳರ ಅಂಕಿ ಹೊಡೆಯೋ ಪಂಚು ಮುರಿದಿತ್ತಮ್ಮ, ಬಾಯಿ ತಾನಾಗಿ ಹೇಳುತ್ತಿದೆ, ಹೊಸದು ಬರೋತನಕ ಇದರಲ್ಲೇ ಹೊಡೆದ್ರು, ಇಡೀ ಲೋಕದಲ್ಲಿ ಇಂಥವು ಮೂರೇ ಇರೋದು, ಮೂರನ್ನೂ ನಾನು ನೋಡಿದ್ದೀನಿ, ಎಲ್ಲಿ ನೋಡಿದ್ದೇನೆ, ಆ ಮೂಲೆಯಲ್ಲಿ ಭೂತಗನ್ನಡಿ ಇದೆ ಕೊಡಮ್ಮ, ಏಳನೇ ಡ್ರಾಯರ್, ಅಂದ, ಅಂದ ಮೇಲೆ, ಬೇಡ ಬಿಡಮ್ಮ, ನಾನೇ ತಗೋತೀನಿ, ಎಂದು ಎದ್ದ, ಅವಳಾಗಲೇ ಮೂಲೆ ಸೇರಿದ್ದಳು.

ಡ್ರಾಯರ್ ತೆರೆದ ಸದ್ದಾಗಲಿಲ್ಲ. ಡಾಕ್ಟರಮ್ಮ ಅದರ ನಂಬರು ಹೊಡೆದ ಹಿತ್ತಾಳೆ ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸುತ್ತ ನಿಂತಿದ್ದಾಳೆ, ಉಸ್ತಾದ್ರೆ, ಚೂರು ಮುರಿದದ್ದನ್ನ ನೋಡೋದೇ ದಿನವಿಡೀ ನನ್ನ ಕೆಲಸ, ಈ ಏಳಕ್ಕೂ ಪಾದ ಇಲ್ಲ, ಈ ಡ್ರಾಯರೂ ಫ್ರಾನ್ಸಿಂದ ಬಂತಾ — ನಗುತ್ತಿಲ್ಲ ಅವಳು, ಅವನ ಬಾಯಿ ಒಂದು ಸುಳ್ಳಿಗೆ ತಡಕಾಡಿತು, ಸಿಕ್ಕಿದ್ದು ನೆನಪು, ವರ್ಷಗಳ ಹಿಂದೆ ಹಳೇ ಸೈಕಲ್ ದಲ್ಲಾಳಿ ಬಂದದ್ದು, ಹೆಗಲ ಮೇಲೆ ಇದೇ ಚೌಕಟ್ಟು, ಕೈಯಲ್ಲಿ ನಂಬರು ಬರೆದ ಚೀಟಿ, ನಂಬರು ತುಕ್ಕು ತಿಂದಿದೆ ಕಣಯ್ಯ, ಸರಿಯಾಗಿ ಓದೋಕಾಗ್ತಿಲ್ಲ, ಇದೇ ನಂಬರು ಅಂತ ಮಾರಿದವನು ಹೇಳ್ದ, ನಿನ್ನಂಥ ಕೈ ಇನ್ಯಾರಿಗಿದೆ, ಹೊಡಿ ನೋಡೋಣ — ನಿನ್ನಂಥ ಕೈ, ಅಷ್ಟು ಸಾಕಿತ್ತು, ಉಬ್ಬಿಹೋದ, ಅರ ಹಿಡಿದ, ಎಮರಿ ಕಾಗದ ಉಜ್ಜಿದ, ಕನ್ನಡಿಯಂತೆ ಮಾಡಿದ, ಡ್ರಾಯರಿನ ಬಿಲ್ಲೆಗಳಿಗೆ ಹೊಡೆದಿದ್ದ ಪಂಚುಗಳಿಂದಲೇ ಹೊಡೆದ, ಮೂರು ಅಂಕಿ ಚೆನ್ನಾಗಿಯೇ ಕೂತವು.

ನಾನೇ ಹೊಡೆದದ್ದಮ್ಮ, ಅಂದ ಉಸ್ತಾದ, ಫ್ರಾನ್ಸೂ ಇಲ್ಲ, ನೆಗಡಿಯೂ ಇಲ್ಲ, ತಟ್ಟಿದ್ರೆ ನನಗೂ ಟಿಂಗ್ ಅಂತಷ್ಟೇ ಕೇಳೋದು. ಅವಳು ಹತ್ತಿರ ಬಂದಳು, ಹಾಗಾದ್ರೆ ಇದು ಅಪ್ಪಂದಲ್ಲ. ಆಗಿರಲೂಬಹುದು, ಅಂದ. ಅಂದ್ರೆ? ತುಕ್ಕಿನ ಕೆಳಗೆ ಯಾವ ನಂಬರು ಇತ್ತು, ಅದನ್ನ ಹೇಳಿ ಸಾಕು, ಅಂದಳು, ದನಿ ತೀರ ಸಣ್ಣದಾಗಿತ್ತು, ಕೈಯಲ್ಲಿ ಅಪ್ಪನ ಚೀಟಿ — ತುಕ್ಕು, ಅರದ ಪುಡಿ, ಊದಿದ್ದು, ಅದರ ಕೆಳಗೆ, ಅದರ ಕೆಳಗೆ ಏನಿತ್ತು, ಲೋಕದ ಸೈಕಲ್ಲುಗಳ ಜಾತಕವೆಲ್ಲ ನಾಲಿಗೆ ತುದಿಯಲ್ಲಿರುವವನು ಬಗ್ಗಿ ಒಂದು ಸಲ ನೋಡಬಾರದಿತ್ತೇ, ಭೂತಗನ್ನಡಿ ಪಕ್ಕದಲ್ಲೇ ಇತ್ತು, ನೋಡ್ಲಿಲ್ಲಮ್ಮ, ಅಂದ, ನೋಡದೇನೆ ಉಜ್ಜಿಬಿಟ್ಟೆ, ನನಗೆ ಗೊತ್ತಿಲ್ಲ — ಕಣ್ಣ ಮುಂದೆ ಏಳು, ಪಾದವಿಲ್ಲದ ಏಳು, ಪಾದವಿಲ್ಲದ…