ಉಳಿದವರ ಗಾಡಿ ಸ್ವಲ್ಪ ನಿಧಾನ

ನಮ್ಮಣ್ಣ ಹಲ್ಲಿನ ಡಾಕ್ಟರು. "ನೋವೇ ಆಗಲ್ಲ" ಎನ್ನುತ್ತಲೇ ಇಕ್ಕಳ ಹಾಕುವುದು ಅವನ ಕಸುಬು. ಕುರ್ಚಿಯಲ್ಲಿ ಕೂತವರ ಬಾಯಿ ಅಗಲವಾಗಿ ತೆರೆದಿರುವುದರಿಂದ ಇದುವರೆಗೆ ಯಾರೂ ಎದುರು ಮಾತಾಡಿಲ್ಲ. ಅದೇ ವಿದ್ಯೆಯನ್ನು ನಂಬಿಕೊಂಡು ಮಗಳಿಗೆ ಧೈರ್ಯ ತುಂಬಲು ಹೊರಟ.

ಮಗಳಿಗೆ ಏಳು ವರ್ಷ. ಮೈಯಲ್ಲಿ ಮಾಂಸವೇ ಇಲ್ಲದ್ದರಿಂದ ಮನೆಯವರಿಗೆಲ್ಲ ಅವಳು ಕಡ್ಡಿ. ಕಾರ್ಟ್ ರೇಸ್ ಎಂದರೆ ಊಟ, ನಿದ್ದೆ ಎರಡೂ ಬೇಡ. ಚಾವಣಿ ಇಲ್ಲ, ಬಾಗಿಲು ಇಲ್ಲ, ನೆಲಕ್ಕೆ ಅಂಟಿಕೊಂಡಂತೆ ಓಡುವ ಆ ಪುಟ್ಟ ಗಾಡಿಯಲ್ಲಿ ಕೂತಾಗ ಅವಳು ನಗುವಂತೆ ಬೇರೆಲ್ಲೂ ನಗುವುದಿಲ್ಲ. ಅವಳ ರೇಸಿನ ಅಂಗಿಯ ತೋಳು ಮಡಚಿ ಹೊಲಿದವಳು ನಾನು, ಟೈಲರ್ ಅಂಗಡಿಯ ಸೋದರತ್ತೆ.

ಕಳೆದ ಶನಿವಾರ, ಟೈರು ಜೋಡಿಸಿದ ಗೋಡೆಯ ಪಕ್ಕದ ತಿರುವಿನಲ್ಲಿ ಅವಳ ಗಾಡಿ ಗಿರ್ರನೆ ಸುತ್ತಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಪೆಟ್ಟಾಗಲಿಲ್ಲ. ಉಳಿದ ಮಕ್ಕಳು ಬಳಸಿಕೊಂಡು ಹೋದರು. ಕಡ್ಡಿ ಇಳಿದು ಬಂದು, "ನಾನಿನ್ನು ಬರಲ್ಲ" ಎಂದಳು.

ಮಾರನೆಯ ದಿನವೇ ಅಣ್ಣನ ಆತ್ಮವಿಶ್ವಾಸ ಯೋಜನೆ ಜಾರಿಗೆ ಬಂತು. ಬೆಳಗೆದ್ದು ಕನ್ನಡಿಯ ಮುಂದೆ "ನಾನು ಹುಲಿ" ಎನ್ನಬೇಕು. ಹಲ್ಲುಜ್ಜಿದರೆ ಚಪ್ಪಾಳೆ, ಹಾಲು ಕುಡಿದರೆ ಚಪ್ಪಾಳೆ, ಒಮ್ಮೆ ಸೀನಿದ್ದಕ್ಕೂ ಶಭಾಷ್ ಸಿಕ್ಕಿತು. ಹುಲಿಯ ಮಾತು ಹಾಗಿರಲಿ, ಅಪ್ಪ ಚಪ್ಪಾಳೆಗೆ ಕೈ ಎತ್ತಿದರೆ ಸಾಕು, ಮಗು ಮಂಚದ ಕೆಳಗೆ ಸೇರತೊಡಗಿತು.

ಅಲ್ಲಿಂದ ತಪ್ಪಿಸಿಕೊಂಡು ನನ್ನ ಅಂಗಡಿಗೆ ಬಂದವಳನ್ನು ಕೇಳಿದೆ: "ಏನೇ, ಭಯಾನಾ?"

"ಆ ತಿರುವು ಅಂದ್ರೆ ಭಯ ಅತ್ತೆ. ಗಾಡಿ ಯಾಕೆ ಸುತ್ತಿತು ಅಂತಾನೇ ಗೊತ್ತಾಗ್ಲಿಲ್ಲ."

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೊಟ್ಟೆ. ನೆಲದ ಮೇಲೆ ತಿರುವು ಬರೆದು, ಖಾಲಿ ದಾರದ ರೀಲು ಓಡಿಸುತ್ತ ಬಹಳ ಹೊತ್ತು ಕೂತಳು. ನಾನು ನನ್ನ ಪಾಡಿಗೆ ಹೊಲಿಯುತ್ತಿದ್ದೆ. ಕೊನೆಗೆ ಅವಳೇ ಹೇಳಿದಳು: "ತಿರುಗಿಸೋಕೆ ಮುಂಚೇನೇ ಬ್ರೇಕ್ ಹಾಕ್ಬೇಕಿತ್ತೇನೋ. ಇನ್ನೊಂದೇ ಸಲ ಹೋಗ್ತೀನಿ. ಮತ್ತೆ ಸುತ್ತಿದ್ರೆ, ಯಾವತ್ತೂ ಬಾ ಅನ್ಬಾರ್ದು."

ಹೂಂ ಎಂದೆ. ಆದರೆ ಗಾಡಿಯಲ್ಲಿ ಕೂತಾಗಿನ ಆ ನಗು ಅಷ್ಟಕ್ಕೇ ಮುಗಿದುಹೋದರೆ?

ರೇಸಿನ ದಿನ ಅಣ್ಣ ಮೆಲ್ಲಗೆ ಟ್ರ್ಯಾಕಿನ ಮೇಲ್ವಿಚಾರಕನ ಗಾಜಿನ ಕೋಣೆಗೆ ಹೋಗಿ ಬಂದ. ಮಕ್ಕಳ ಗಾಡಿಗಳ ವೇಗ ಏರಿಸುವ, ಇಳಿಸುವ ರಿಮೋಟು ಇರುವುದು ಆ ಮೇಲ್ವಿಚಾರಕನ ಕೈಯಲ್ಲಿ.

"ಉಳಿದವರ ಗಾಡಿ ಸ್ವಲ್ಪ ನಿಧಾನ ಮಾಡಿಸಿದೀನಿ," ಎಂದು ನನ್ನ ಕಿವಿಯಲ್ಲಿ ಉಸುರಿದ. "ಒಂದ್ಸಲ ಗೆದ್ದುಬಿಟ್ರೆ ಸಾಕು, ಆತ್ಮವಿಶ್ವಾಸ ತಾನಾಗೇ ಬರತ್ತೆ."

"ನಿನ್ನ ತಲೆ!" ಎನ್ನುವಷ್ಟರಲ್ಲಿ ಬಾವುಟ ಬೀಸಿದರು.

ಆರು ಗಾಡಿಗಳು ಹೊರಟವು. ಹೊರಟವು ಎನ್ನುವುದು ದೊಡ್ಡ ಮಾತಾಯಿತು. ಟ್ರ್ಯಾಕಿನ ಅಂಚು ಗುಡಿಸುತ್ತಿದ್ದ ಹೆಂಗಸು ಪೊರಕೆ ಆಡಿಸುತ್ತಲೇ ಮೂರು ಗಾಡಿಗಳನ್ನು ಹಿಂದೆ ಹಾಕಿದಳು. ಕಡ್ಡಿ ಹೆದರುತ್ತಿದ್ದ ತಿರುವನ್ನು ಎಲ್ಲರೂ ಆಕಳಿಸುತ್ತ ದಾಟಬಹುದಿತ್ತು. ಅಪ್ಪ ಅಮ್ಮಂದಿರೆಲ್ಲ ಗಾಜಿನ ಕೋಣೆಗೆ ಮುತ್ತಿಗೆ ಹಾಕಿದರು.

"ನಾನೇನ್ ಮಾಡ್ಲಿ?" ಎಂದ ಮೇಲ್ವಿಚಾರಕ. "ಆರು ಮನೆಯವ್ರೂ ಒಬ್ಬೊಬ್ರಾಗಿ ಬಂದು, ಉಳಿದವರದ್ದು ನಿಧಾನ ಮಾಡಿ ಅಂದ್ರಿ. ಯಾರಿಗೂ ಇಲ್ಲ ಅನ್ಬಾರ್ದು ಅಂತ ಎಲ್ಲರ ಮಾತೂ ನಡೆಸಿದೆ."

ಅವನ ಮುಂದಿನ ಮೈಕು ಆನ್ ಆಗಿಯೇ ಇತ್ತು. ಈ ಮಾತು ಟ್ರ್ಯಾಕಿನ ತುಂಬ ಮೊಳಗಿತು. ಹನ್ನೊಂದು ಜನ ಹೆತ್ತವರು ಇಂಗು ತಿಂದ ಮಂಗನಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೆರಡನೆಯವಳಾದ ನಮ್ಮ ಅತ್ತಿಗೆ ಪುಣ್ಯಕ್ಕೆ ಮನೆಯಲ್ಲಿದ್ದಳು.

ಮುಂದಿನ ಸಾಲಿನಿಂದ ಹೊರಟಿದ್ದ ಕಡ್ಡಿಯೇ ಮೊದಲು ಬಂದಳು. ಅಣ್ಣ ಓಡಿಹೋದ. "ಗೆದ್ದುಬಿಟ್ಟೆ ಕಣೇ!"

ಅವಳು ನಗಲಿಲ್ಲ. "ಅಪ್ಪಾ, ನೀನೂ ಹೇಳಿದ್ಯಾ?"

"ನಿನಗೋಸ್ಕರಾನೇ ಪುಟ್ಟಾ..."

"ಹಂಗಾದ್ರೆ ನಾನು ಸೋಲ್ತೀನಿ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

ಅಣ್ಣ ಚಪ್ಪಾಳೆಗೆ ಎತ್ತಿದ್ದ ಕೈ ಕೆಳಗಿಳಿಸಿದ. ನನಗೆ ಬಂದಿದ್ದ ಸಿಟ್ಟೆಲ್ಲ ಆ ಕ್ಷಣಕ್ಕೆ ಇಳಿದು, ಅವನ ಮೇಲೆ ಅಯ್ಯೋ ಎನಿಸಿತು.

ಕಡ್ಡಿ ಮೇಲ್ವಿಚಾರಕನ ಕಡೆ ತಿರುಗಿದಳು. "ಅಂಕಲ್, ಪೂರ್ತಿ ಸ್ಪೀಡ್ ಬಿಡಿ. ನಾನೊಬ್ಳೇ ಹೋಗ್ತೀನಿ."

ಅವನು ಅಣ್ಣನನ್ನು ನೋಡಿದ. "ಅವನನ್ನೇನ್ ನೋಡ್ತೀರಿ? ಗಾಡಿ ಓಡಿಸೋಳು ಇವಳು," ಎಂದೆ.

ಗಾಡಿ ಬಾಣದಂತೆ ಹೋಯಿತು. ಟೈರಿನ ಗೋಡೆಯ ಹತ್ತಿರ ಗಿರ್ರನೆ ಸುತ್ತಿ ನಿಂತಿತು. ಮುಗಿಯಿತು ಎಂದುಕೊಂಡೆ. ಅಣ್ಣ ಬೇಲಿ ಹಾರಲು ಒಂದು ಕಾಲು ಎತ್ತಿದ್ದ. ಅಷ್ಟರಲ್ಲಿ ಅವಳೇ ಗಾಡಿಯ ಮುಖ ತಿರುಗಿಸಿಕೊಂಡು ನಮ್ಮತ್ತ ಬಂದಳು.

"ಬ್ರೇಕ್ ಲೇಟಾಯ್ತು," ಎಂದಳು ಕಡ್ಡಿ, ಏದುಸಿರು ಬಿಡುತ್ತ. "ಯಾಕೆ ಸುತ್ತಿತು ಅಂತ ಈ ಸಲ ಗೊತ್ತಾಯ್ತು ಅತ್ತೆ. ಇನ್ನೊಂದು ರೌಂಡ್ ಹೋಗ್ತೀನಿ."

ಅಣ್ಣ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. "ಭಯ ಆಗಲ್ವಾ?" ಎಂದು ಕೇಳಿದ. ನಿಜಕ್ಕೂ ಗೊತ್ತಿಲ್ಲದೆ ಕೇಳಿದ.

"ಆಗತ್ತೆ," ಎಂದು ಅವಳು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಹೊರಟಳು.