ಅರವತ್ತೊಂದು ಡಿಗ್ರಿ

"ನಿಮ್ಮಕ್ಕನ್ನ ಕಾರು ತೊಳಿಯೋಕೆ ಹಾಕಿದಾನಂತೆ ಕಣೇ ನಿಮ್ಮ ಚಿಕ್ಕಪ್ಪ!"

"ಏನಂದೆ ಅಮ್ಮ?"

"ಬೆಳಿಗ್ಗೆಯಿಂದ ಪೈಪು ಹಿಡ್ಕೊಂಡು ನಿಂತಿದಾಳಂತೆ. ಇನ್ಮೇಲೆ ಇಂಜಿನ್ ಮುಟ್ಟಂಗಿಲ್ಲ ಅಂದ್ಬಿಟ್ನಂತೆ. ಅತ್ತಿದ್ರೆ ಪರ್ವಾಗಿರ್ಲಿಲ್ಲ. ಸುಮ್ನೆ 'ಊಟಕ್ಕೆ ಬರಲ್ಲಮ್ಮ' ಅಂತ ಫೋನ್ ಇಟ್ಳು. ಅದೇ ನಂಗೆ ಭಯ."

ಬಾಯಲ್ಲಿದ್ದ ಅರ್ಧ ಬಿಸ್ಕತ್ ನುಂಗೋಕೂ ಆಗ್ಲಿಲ್ಲ, ಉಗಿಯೋಕೂ ಆಗ್ಲಿಲ್ಲ. ಅಮ್ಮನ ಫೋನ್ ಕಟ್ ಮಾಡಿ, ಕಾಲೇಜ್ ಮೆಟ್ಟಿಲಿಂದ ಎದ್ದವಳು ಬ್ಯಾಗ್ ಜಿಪ್ ಕೂಡ ಹಾಕ್ದೆ ಓಡ್ದೆ. ಮಧ್ಯಾಹ್ನದ ಲ್ಯಾಬ್ ಹಾಳಾಗ್ಹೋಗ್ಲಿ. ನಮ್ಮಕ್ಕ ಕಾರು ತೊಳಿಯೋದಾ? ಆರು ವರ್ಷದಿಂದ ಚಿಕ್ಕಪ್ಪನ ಗ್ಯಾರೇಜಲ್ಲಿ ಇಂಜಿನ್ ಸದ್ದು ಕೇಳೇ ಎಲ್ಲಿ ಏನಾಗಿದೆ ಅಂತ ಹೇಳೋಳು! ಬಸ್ಸಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಮುಖ ನೋಡಿ ತನ್ನ ಚೀಲ ಆ ಕಡೆಗೆ ಸರಿಸ್ಕೊಂಡ್ರು.

ವಿಷಯ ಇಷ್ಟೇ. ಹಲ್ಲಿನ ಡಾಕ್ಟ್ರಮ್ಮ ಒಬ್ರದ್ದು ಒಂದು ಪುಟಾಣಿ ಕೆಂಪು ಕಾರಿದೆ. ಏರು ಹತ್ತುವಾಗ ಏದುಸಿರು ಬಿಡತ್ತೆ, ಏನಾದ್ರೂ ಮಾಡಿ ಅಂದಿದ್ರು. ಅಕ್ಕ ಟರ್ಬೋ ಬದಲಾಯಿಸೋಣ ಅಂದ್ಳು. ಟರ್ಬೋ ಅಂದ್ರೆ ಹೊಗೆಯಲ್ಲೇ ಗಿರಗಿರ ತಿರುಗಿ ಇಂಜಿನ್ ಬಾಯಿಗೆ ಗಾಳಿ ತುರುಕೋ ಫ್ಯಾನು. ಕಾರಿನ ಜೊತೆ ಬಂದಿದ್ದು ನಿಂಬೆಹಣ್ಣಿನಷ್ಟಿತ್ತು, ಅಕ್ಕ ಕಿತ್ತಳೆಯಷ್ಟು ದೊಡ್ಡದು ಆರಿಸಿದ್ಳು. "ಹತ್ತು ಕುದುರೆ ಬಲ ಜಾಸ್ತಿ ಆಗ್ದೆ ಇದ್ರೆ ನನ್ನ ಹೆಸ್ರೇ ಬದಲಾಯಿಸಿ" ಅಂದಿದ್ಳು. ಚಿಕ್ಕಪ್ಪಾನೂ, ಇದು ಗೆದ್ರೆ ಹಿಂದಿನ ಶೆಡ್ಡು ನಿಂದೇ, ಈ ತರದ ಕೆಲಸಕ್ಕೆಲ್ಲ ನೀನೇ ಮೇಸ್ತ್ರಿ ಅಂತ ಮಾತು ಕೊಟ್ಟಿದ್ದ. ಅಕ್ಕ ಆಗ್ಲೇ ಆ ಶೆಡ್ಡಿನ ಬಾಗಿಲಿಗೆ ನೀಲಿ ಪೇಂಟ್ ಹೊಡ್ದು, ಕೈಗೆ ಮೆತ್ಕೊಂಡಿದ್ದನ್ನ ಎರಡು ದಿನ ಉಜ್ಜಿದ್ಳು.

ಅಳೆಯೋಕೆ ಗ್ಯಾರೇಜಲ್ಲಿ ಡೈನೋ ಇದೆ. ನೆಲದಲ್ಲಿ ಎರಡು ಉರುಳೆ, ಅದ್ರ ಮೇಲೆ ಕಾರಿನ ಚಕ್ರ ಓಡ್ಸಿದ್ರೆ ಎಷ್ಟು ಕುದುರೆ ಬಲ ಅಂತ ಕಂಪ್ಯೂಟರ್ ಹೇಳತ್ತೆ. ಹಳೇ ಟರ್ಬೋದಲ್ಲಿ ಎಂಬತ್ತಾರು ಬಂದಿತ್ತು. ಹೊಸದ್ರಲ್ಲಿ ನಿನ್ನೆ ಡಾಕ್ಟ್ರ ಎದುರಿಗೇ ಅಳೆದ್ರೆ, ತೊಂಬತ್ತೊಂದು.

ಐದೇ ಐದು.

ಗ್ಯಾರೇಜ್ ಗೇಟಲ್ಲೇ ಅಕ್ಕ ಕಂಡ್ಳು. ಪ್ಯಾಂಟು ಮೊಣಕಾಲಿಗೆ ಮಡಚ್ಕೊಂಡು ಯಾರದ್ದೋ ವ್ಯಾನಿನ ಚಕ್ರಕ್ಕೆ ನೀರು ಬಿಡ್ತಿದ್ಳು. ನನ್ನ ನೋಡಿದ್ರೂ ನೋಡ್ದಂಗೆ ಇದ್ಳು. ನಾನು ಸೀದಾ ಆಫೀಸ್ ರೂಮಿಗೆ ನುಗ್ಗಿದೆ.

"ಚಿಕ್ಕಪ್ಪ! ನಾಚಿಕೆ ಆಗಲ್ವಾ ನಿಂಗೆ?"

ಕನ್ನಡಕ ಹಣೆಗೇರಿಸ್ದ. "ಬಂದ್ಳಪ್ಪ ಗಿರ್ಗಿಟ್ಲೆ. ಕಾಲೇಜಿಲ್ವಾ?"

"ಅಕ್ಕನ್ನ ಯಾಕೆ ತೊಳಿಯೋಕೆ ಹಾಕಿದೀಯ?"

"ನಾಲ್ಕು ದಿನ ತಗೊಂಡು ಐದು ಕುದುರೆ ತಂದ್ಳಲ್ಲ, ಅದಕ್ಕೆ. ಅದ್ರಲ್ಲಿ ಒಂದು ಕುಂಟ್ತಿದ್ಯೋ ಏನೋ. ಆಯಮ್ಮ ಎಲ್ಲರ ಮುಂದೆ ಏನಂದ್ರು ಗೊತ್ತಾ? 'ಇದಕ್ಕಿಂತ ಡಿಕ್ಕೀಲಿರೋ ಸ್ಟೆಪ್ನಿ ತೆಗೆದಿದ್ರೆ ಕಾರು ಹಗುರ ಆಗ್ತಿತ್ತು' ಅಂತ! ಇಪ್ಪತ್ತೆರಡು ವರ್ಷದ ಗ್ಯಾರೇಜ್ ಕಣೇ ಇದು. ಹಳೇದನ್ನೇ ವಾಪಸ್ ಹಾಕಿ ಅಂದು ಹೋದ್ರು. ನಾಳೆ ನಾಲ್ಕಕ್ಕೆ ಬರ್ತಾರೆ."

"ಅಳ್ತೆ ತಪ್ಪಾಗಿರತ್ತೆ!"

"ಡೈನೋ ಸುಳ್ಳು ಹೇಳಲ್ಲ. ಸುಳ್ಳು ಹೇಳೋಕೆ ಅದೇನು ನಮ್ಮ ವಂಶದ್ದಾ?"

"ನೀನು ನಿನ್ನೆ ಏನೋ ಎಡವಟ್ಟು ಮಾಡಿದೀಯ! ಮೊದಲ್ನೇ ಅಳ್ತೆ ನಾನೇ ಮಾಡಿದ್ದು. ಅಕ್ಕ ಆಕ್ಸಿಲರೇಟರ್ ತುಳಿದ್ಳು, ಕಂಪ್ಯೂಟರ್, ವೈರು ಎಲ್ಲಾ ನಾನು. ಅದಂತೂ ಪಕ್ಕಾ. ವಿಡಿಯೋನೇ ಇದೆ, ತಡಿ!"

ಭಾನುವಾರದ ವಿಡಿಯೋ. ಸಾವಿರದ ಮುನ್ನೂರು ಲೈಕ್ ಬಂದಿದ್ದು. ಚಿಕ್ಕಪ್ಪನ ಮೂಗಿಗೆ ಹಿಡಿಯೋಣ ಅಂತ ತೆಗೆದೆ. ಸ್ವೆಟರ್ ಹಾಕ್ಕೊಂಡು ಹಲ್ಲು ಕಿರೀತಾ ಇದೀನಿ, ಹಿಂದೆ ಕಾರು ಗುಂಯ್ ಅಂತಿದೆ, ಪಕ್ಕದಲ್ಲಿ ಕಂಪ್ಯೂಟರ್. ಪರದೆಯ ಮೂಲೇಲಿ ಗಾಳಿಯ ಬಿಸಿ: ಅರವತ್ತೊಂದು ಡಿಗ್ರಿ.

ಸ್ವೆಟರ್. ಅರವತ್ತೊಂದು.

"ತೋರ್ಸು, ತೋರ್ಸು" ಅಂದ ಚಿಕ್ಕಪ್ಪ.

"ನೆಟ್‌ವರ್ಕ್ ಇಲ್ಲ" ಅಂದೆ. ಫೋನ್ ಬೆನ್ನ ಹಿಂದೆ ಬಚ್ಚಿಟ್ಟೆ.

ಯಾಕಂದ್ರೆ, ಡೈನೋಗೆ ಒಂದು ದಾರ ತರದ ವೈರಿದೆ, ತುದೀಲಿ ಗಾಳಿ ಬಿಸಿ ಅಳೆಯೋ ಕಡ್ಡಿ. ಅದನ್ನ ಫ್ಯಾನಿನ ಎದುರು ಸ್ಟ್ಯಾಂಡಿಗೆ ಸಿಗಿಸ್ಬೇಕು. ಬಿಸಿ ಗಾಳೀಲಿ ಇಂಜಿನ್ ಸೊರಗತ್ತೆ. ಅದಕ್ಕೆ ಪಾಪ ಸೆಖೆ ಇತ್ತು ಅಂತ ಕಂಪ್ಯೂಟರ್ರು ಮೇಲಿಂದ ಒಂದಿಷ್ಟು ಸೇರ್ಸಿ ಕೊಡತ್ತೆ, ನಮ್ಗೆ ಗ್ರೇಸ್ ಮಾರ್ಕ್ಸ್ ಕೊಟ್ಟಂಗೆ. ಆವತ್ತು ಆ ಸ್ಟ್ಯಾಂಡಿಗೆ ನಾನು ಏನು ಸಿಗಿಸಿದ್ದೆ? ಫೋನು. ವಿಡಿಯೋಗೆ. ಕಡ್ಡೀನ ಬಾನೆಟ್ ಒಳಗೆ ಎಲ್ಲೋ ಇಟ್ಟಿದ್ದೆ. ಎಲ್ಲೋ ಏನು, ಬಿಸಿ ಬಿಸಿ ಇಂಜಿನ್ ಪಕ್ಕಕ್ಕೇ.

ಹಳೇ ಟರ್ಬೋಗೆ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡ್ಸಿದ್ದೇ ನಾನು. ಹೊಸದು ಪಾಪ ನಿಯತ್ತಾಗಿ ಪರೀಕ್ಷೆ ಬರ್ದಿತ್ತು.

ಶೆಡ್ಡಿನ ಹಿಂದೆ ಹೋಗಿ ನಿಂತೆ. ಡಿಲೀಟ್ ಒತ್ತಿದ್ರೆ ಮುಗೀತು. ಹೆಬ್ಬೆರಳು ಅಲ್ಲೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಎದುರಿಗೆ ನೀಲಿ ಬಾಗಿಲು. ಕೆಳಗಡೆ ಬ್ರಷ್ ಸಿಗದ ಕಡೆ ಅಕ್ಕ ಬೆರಳಲ್ಲೇ ಬಳಿದಿದ್ಳು, ಬೆರಳಚ್ಚು ಹಂಗೇ ಇದೆ.

ಹೋದೆ. "ಅಕ್ಕ."

"ಸರಿ ಆ ಕಡೆ. ಚಪ್ಪಲಿ ಒದ್ದೆ ಆಗತ್ತೆ."

"ಅಕ್ಕ, ಕಡ್ಡೀನ ಸ್ಟ್ಯಾಂಡಿಗೆ ಸಿಗಿಸಿರ್ಲಿಲ್ಲ ನಾನು. ಭಾನುವಾರ."

ವಿಡಿಯೋ ನೋಡಿದ್ಳು. ಇನ್ನೊಂದ್ಸಲ ನೋಡಿದ್ಳು. ಪೈಪು ಕೈಯಲ್ಲೇ ಇತ್ತು, ನೀರು ಅವಳ ಕಾಲ ಮೇಲೇ ಬೀಳ್ತಿತ್ತು.

"ನಿನ್ನೆ ಸಂಜೆಯಿಂದ ತಲೆ ಕೆಟ್ಟು ಹೋಗಿದೆ ಕಣೇ ನಂಗೆ" ಅಂದ್ಳು, ಮೆಲ್ಲಗೆ. ಮೆಲ್ಲಗೆ ಅಂದ್ರೆ ಜಾಸ್ತಿ ಕೋಪ. "ಪ್ರತಿ ಪೈಪಿಗೂ ಸೋಪುನೀರು ಹಾಕಿ ನೋಡ್ದೆ, ಎಲ್ಲಿ ಗಾಳಿ ಸೋರ್ತಿದೆ ಅಂತ. ಆರಿಸಿದ್ದೇ ತಪ್ಪೇನೋ, ನಂಗೆ ಈ ಕೆಲಸಾನೇ ಬರಲ್ವೇನೋ ಅಂದ್ಕೊಂಡೆ. ಬಾಯಿ ಮುಚ್ಕೊಂಡು ಪೈಪು ಹಿಡ್ದೆ. ನೀನು ಅಲ್ಲಿ ಹಲ್ಲು ಕಿರೀತಿದ್ದೆ!"

"ಸಾರಿ ಅಕ್ಕ..."

"ಸಾರಿ ಅಂತೆ!" ಪೈಪು ನನ್ನ ಕಡೆ ತಿರುಗ್ತು. ತಲೆಯಿಂದ ಕಾಲವರೆಗೆ, ಬ್ಯಾಗು, ಜಿಪ್ ಹಾಕದ ಬ್ಯಾಗು, ಲ್ಯಾಬ್ ರೆಕಾರ್ಡ್ ಎಲ್ಲಾ ತೊಪ್ಪೆ. ನಾನು ಅಲುಗಾಡ್ಲಿಲ್ಲ. ಬೈಸ್ಕೊಳ್ಳೋಕೆ ತಾನೇ ಬಂದಿದ್ದು.

ಗಲಾಟೆ ಕೇಳಿ ಚಿಕ್ಕಪ್ಪ ಬಂದ. "ಗಿರಾಕಿಗಳು ನೋಡ್ತಿದಾರೆ, ಏನಿದು ಜಲಕ್ರೀಡೆ?"

ಅಕ್ಕ ಪೈಪು ಬಿಸಾಕಿ, ಆಫೀಸ್ ಗೋಡೆಗೆ ಚುಚ್ಚಿದ್ದ, ಭಾನುವಾರದ ಅಳ್ತೆಯ ಪ್ರಿಂಟ್ ಹಾಳೆ ಕಿತ್ತು ತಂದ್ಳು. ಚಿಕ್ಕಪ್ಪನ ಎದೆಗೆ ಒತ್ತಿದ್ಳು. "ಕೆಳಗೆ ಸಣ್ಣಕ್ಷರ ಓದು."

ಚಿಕ್ಕಪ್ಪ ಕನ್ನಡಕ ಇಳಿಸಿ ಓದ್ದ. "ಗಾಳಿ... ಅರವತ್ತೊಂದು? ಅಡುಗೆ ಮಾಡ್ತಿದ್ರಾ ಒಳಗೆ?"

"ಹಳೇದನ್ನ ಸರಿಯಾಗಿ ಅಳೆದಿದ್ರೆ ಎಪ್ಪತ್ತೊಂಬತ್ತರ ಹತ್ರ ಬರ್ಬೇಕು. ಅಲ್ಲಿಂದ ತೊಂಬತ್ತೊಂದು. ಎಷ್ಟಾಯ್ತು? ಹನ್ನೆರಡು! ಆ ಹಾಳೆ ಐದು ದಿನದಿಂದ ನಿನ್ನ ತಲೆ ಮೇಲೇ ನೇತಾಡ್ತಿದೆ ಚಿಕ್ಕಪ್ಪ. ನೀನು ನೋಡ್ಲಿಲ್ಲ. ನಾನೂ ನೋಡ್ಲಿಲ್ಲ, ನಂದೂ ತಪ್ಪೇ. ಆದ್ರೆ ನನ್ನ ಕೈಯಿಂದ ಸ್ಪ್ಯಾನರ್ ಕಿತ್ಕೊಳ್ಳೋಕೆ ನಿಂಗೆ ಎರಡು ನಿಮಿಷ ಸಾಕಾಯ್ತು. ಇದನ್ನ ಓದೋಕೆ ಪುರುಸೊತ್ತಿರ್ಲಿಲ್ಲ."

ಚಿಕ್ಕಪ್ಪ ಹಾಳೆ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಕಾಗದ ತೋರ್ಸಿದ್ರೆ ಆಯಮ್ಮ ನಂಬಲ್ಲ. ನುಣುಚ್ಕೊಳ್ತಿದೀವಿ ಅಂತಾರೆ."

"ಕಾಗದ ಯಾರಿಗೆ ಬೇಕು? ಹಳೇದು ವಾಪಸ್ ಹಾಕಿ ಅಂದಿದಾರಲ್ವಾ, ಹಾಕ್ತೀನಿ. ನಾಳೆ ನಾಲ್ಕಕ್ಕೆ ಅವರ ಕೈಗೇ ಕಡ್ಡಿ ಕೊಟ್ಟು ಸ್ಟ್ಯಾಂಡಿಗೆ ಸಿಗಿಸಿ ಅಂತೀನಿ. ಅಳೆಯೋಣ. ಆಮೇಲೂ ಹಳೇದೇ ಬೇಕು ಅಂದ್ರೆ ತಗೊಂಡು ಹೋಗ್ಲಿ."

"ಎಂಬತ್ತಾರಕ್ಕಿಂತ ಕಮ್ಮಿ ಬರ್ದೆ ಇದ್ರೆ?"

"ಆಯುಷ್ಯಪೂರ್ತಿ ಕಾರು ತೊಳೀತೀನಿ. ಬಂದ್ರೆ ನೀಲಿ ಬಾಗಿಲಿನ ಬೀಗದ ಕೈ ಅವರ ಎದುರಿಗೇ ಕೊಡ್ಬೇಕು ನೀನು. ಈಗ್ಲೇ ಫೋನ್ ಮಾಡು."

ಅವನು ನನ್ನ ಕಡೆ ನೋಡ್ದ, ಏನಾದ್ರೂ ಜೋಕ್ ಸಿಗತ್ತಾ ಅಂತ. ನನ್ನ ಜಡೆಯಿಂದ ನೀರು ಸೋರ್ತಿತ್ತು. ಸಿಗ್ಲಿಲ್ಲ. ಫೋನ್ ಕಿವಿಗಿಟ್ಟು ಒಳಗೆ ಹೋದ. "ಡಾಕ್ಟ್ರೇ, ನಾಳೆ ಒಂದರ್ಧ ಗಂಟೆ ಜಾಸ್ತಿ ಇಟ್ಕೊಂಡು ಬನ್ನಿ. ಇಲ್ಲ ಇಲ್ಲ, ನೀವೇ ಅಳೀಬೇಕು. ಹ್ಞೂಂ, ನಾಲ್ಕಕ್ಕೇ" ಅನ್ನೋದು ಕೇಳಿಸ್ತು.

ಅಕ್ಕ ಪ್ಯಾಂಟಿನ ಮಡಿಕೆ ಬಿಚ್ಚಿ ಇಳಿಸ್ಕೊಂಡ್ಳು. ನಾನು ಹತ್ರ ಹೋದ್ರೆ ಕೈ ಅಡ್ಡ ಹಿಡಿದ್ಳು.

"ಮುದ್ದು ಮಾಡ್ಬೇಡ. ಇನ್ನೂ ಕೋಪ ಇಳಿದಿಲ್ಲ."

"ಯಾವಾಗ ಇಳಿಯತ್ತೆ?"

"ಗೊತ್ತಿಲ್ಲ. ಆ ಟರ್ಬೋ ಬಿಚ್ಚೋಕೆ ನಾಲ್ಕು ಗಂಟೆ ಬೇಕು, ಒಂದು ಬೋಲ್ಟ್ ಹಿಂದ್ಗಡೆ ಇದೆ, ನನ್ನ ಕೈ ಹೋಗಲ್ಲ, ಮೊನ್ನೆ ಮೂರು ಸಲ ತರಚಿಕೊಂಡೆ. ನಿನ್ನ ಕೈ ಸಣ್ಣದು. ನಾಳೆ ಬೆಳಿಗ್ಗೆ ಏಳಕ್ಕೆ ಇಲ್ಲಿರ್ಬೇಕು."

"ಏಳಕ್ಕೆ ಪಕ್ಕಾ ಅಕ್ಕ."

"ಫೋನ್ ಮನೇಲಿಟ್ಟು ಬಾ."